ಕೈಗವುಸು ಒಗೆಯುವವಳ ಫ್ರೀಮೇಸನ್ರಿ

ಇವತ್ತು ಬೆಳಿಗ್ಗೆ ಒಂದು ಜೊತೆ ಬಿಳಿ ಕೈಗವುಸನ್ನು ತಂತಿಯ ಮೇಲೆ ಕ್ಲಿಪ್ಪು ಹಾಕಿ ಒಣಗಿಸುತ್ತಿದ್ದೆ. ಗೇಟಿನ ಆಚೆ ನಿಂತಿದ್ದ ಸೊಪ್ಪಿನವಳು, "ಏನಕ್ಕಾ, ನಿಮ್ ಯಜಮಾನ್ರು ಟ್ರಾಫಿಕ್ ಪೊಲೀಸಾ?" ಅಂದಳು. ಅಲ್ಲ ಅಂದೆ. "ಮತ್ತೆ ಬ್ಯಾಂಡ್‌ಸೆಟ್ಟಾ?" ಅಂದಳು. ಅದೂ ಅಲ್ಲ ಅಂದು ಒಂದು ಕಟ್ಟು ದಂಟು ತೆಗೆದುಕೊಂಡು ಮಾತು ಮುಗಿಸಿದೆ. ಬೆರಳಲ್ಲಿ ಇನ್ನೂ ಬಿಳಿ ಬಟ್ಟೆಗೆ ಹಾಕುವ ನೀಲಿಯ ವಾಸನೆ ಇತ್ತು. ನೀಲಿಗೆಂಥ ವಾಸನೆ ಎನ್ನುವವರು ಕಾನ್ವೆಂಟಿನಲ್ಲಿ ಓದಿರಲಾರರು. ವಾರಕ್ಕೊಂದು ದಿನ ಬಿಳಿ ಯೂನಿಫಾರ್ಮ್ ಹಾಕಿ ಸಿಸ್ಟರ್ ಮುಂದೆ ಸಾಲಾಗಿ ನಿಂತ ನಮ್ಮಂಥವರಿಗೆ ಅದು ಚೆನ್ನಾಗಿ ಗೊತ್ತು. ಅಲ್ಲಿ ನಾನು ಕಲಿತದ್ದರಲ್ಲಿ ಇವತ್ತಿಗೂ ದಿನಬಳಕೆಗೆ ಬರುವುದು ಬಿಳಿಯನ್ನು ಬಿಳಿಯಾಗಿ ಉಳಿಸುವ ವಿದ್ಯೆಯೊಂದೇ.

ಕೈಗವುಸು ಫ್ರೀಮೇಸನ್ನರದ್ದು, ನಮ್ಮ ಯಜಮಾನರು ಅವರಲ್ಲೊಬ್ಬರು. ಹಾಗೆಂದರೇನು ಎಂದು ನೀವು ಕೇಳಿದರೆ ಕಷ್ಟ. ಹಳೆಯ ಕಾಲದ ಕಲ್ಲುಕುಟಿಗರ ಕೂಟದಿಂದ ಬೆಳೆದದ್ದಂತೆ. ಅದಕ್ಕೇ ಮೂಲೆಮಟ್ಟ, ಕೈವಾರ ಅವರ ಗುರುತಂತೆ. ಯಾವ ದೇವರಾದರೂ ಸರಿ, ದೇವರಲ್ಲಿ ನಂಬಿಕೆ ಇರಬೇಕಂತೆ. ಒಳಗೆ ರಾಜಕೀಯ, ಧರ್ಮ ಎರಡನ್ನೂ ಎತ್ತುವಂತಿಲ್ಲವಂತೆ. ಈ 'ಅಂತೆ'ಗಳನ್ನು ದಾಟಿ ನಮ್ಮವರು ಬಾಯಿ ಬಿಟ್ಟವರಲ್ಲ.

ತೊಂಬತ್ತರ ದಶಕದ ಮಾತು. ನಮ್ಮವರಿಗೆ ನಮ್ಮೂರಿನ ಸತ್ಯಮಂಗಲ ಕೈಗಾರಿಕಾ ಪ್ರದೇಶದಲ್ಲಿ ಮೋಟಾರಿನ ಬಿಡಿಭಾಗ ಮಾಡುವ ಸಣ್ಣ ವರ್ಕ್‌ಶಾಪು. ಗುಬ್ಬಿಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಓದಿದ ರುದ್ರೇಶರ ಜೊತೆ ಸೇರಿ ಶುರು ಮಾಡಿದ್ದು. ಭಾನುವಾರ ಬಂತೆಂದರೆ ಇಬ್ಬರೂ ಒಂದೇ ಸ್ಕೂಟರಿನಲ್ಲಿ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿಂದು, ಹೆಂಡತಿಯರಿಗೆ ಕಟ್ಟಿಸಿಕೊಂಡು ಬರಬೇಕು. ಆಮೇಲೆ ರುದ್ರೇಶರು ಮಾವನ ಮನೆಯವರ ವ್ಯವಹಾರ ನೋಡಿಕೊಳ್ಳಲು ಹೊಸೂರಿಗೆ ಹೋದರು. ಜಗಳವಿಲ್ಲ, ಮನಸ್ತಾಪವಿಲ್ಲ. ಆದರೆ ನಮ್ಮವರ ಮಾತು ನಿಂತುಹೋಯಿತು. ಭಾನುವಾರ ಸ್ಕೂಟರ್ ತೆಗೆದು ಕ್ಯಾತ್ಸಂದ್ರದವರೆಗೆ ಹೋಗಿ, ಏನೂ ತಿನ್ನದೆ, ನನಗೆ ಮಾತ್ರ ಪೊಟ್ಟಣ ಕಟ್ಟಿಸಿಕೊಂಡು ಬರುತ್ತಿದ್ದರು. "ಯಾಕ್ರೀ, ನೀವ್ ತಿಂದ್ರಾ?" ಅಂದರೆ "ಹ್ಞೂಂ" ಅನ್ನುವರು. ತಿಂದವರ ಬೆರಳಲ್ಲಿ ಚಟ್ನಿಯ ವಾಸನೆ ಇರುತ್ತದೆ. ಅವರ ಬೆರಳಲ್ಲಿ ಪೆಟ್ರೋಲಿನ ವಾಸನೆ ಇರುತ್ತಿತ್ತು.

ಅಂಥವರು ಒಂದು ಸಂಜೆ ತಾವಾಗಿಯೇ, "ಬೆಂಗಳೂರಿನ ಗಿರಾಕಿ ಒಬ್ರು ಇದಾರೆ ಕಣೇ. ಉಂಗುರದಲ್ಲಿ ಕೈವಾರದ ಗುರುತು. ಏನು ಅಂತ ಕೇಳ್ದೆ. ಸೇರೋಣ ಅಂತಿದೀನಿ," ಅಂದರು. ಆಗ ನನಗೆ ಆ ಹೆಸರೇ ಹೊಸದು. ನೆಂಟರೊಬ್ಬರನ್ನು ವಿಚಾರಿಸಿದೆ. ತಲೆಬುರುಡೆ ಇಟ್ಟು ಪೂಜೆ ಮಾಡುತ್ತಾರೆಂದು ಹೆದರಿಸಿದರು. ಇನ್ನೊಬ್ಬರು, ಸೇರಿದವರಿಗೆ ಬ್ಯಾಂಕ್ ಸಾಲ ಸಲೀಸು, ನಮ್ಮನ್ನೂ ಸೇರಿಸಿ ಅಂದರು.

"ಭಾನುವಾರ ಮೂರು ಜನ ಮನೆ ನೋಡೋಕೆ ಬರ್ತಾರೆ. ಏನಾದ್ರೂ ಮಾಡಿರು," ಎಂದಷ್ಟೇ ನಮ್ಮವರು ಹೇಳಿದ್ದು. ಗುಬ್ಬಿಯಿಂದ ಬಂದಿದ್ದ ಅತ್ತೆಗೆ ಅಷ್ಟೇ ಸಾಕಾಯಿತು. ಬೆಂಗಳೂರಿನಿಂದ ಕಾರಿನಲ್ಲಿ ಮೂರು ಜನ ಬಂದು ಮನೆ ನೋಡುವುದೆಂದರೆ ಇನ್ನೇನಿರುತ್ತದೆ? ನಾದಿನಿಗೆ ರೇಷ್ಮೆ ಸೀರೆ ಉಡಿಸಿ, ಹೂ ಮುಡಿಸಿ ಕೂರಿಸಿದರು. ನಾನು ಕೇಸರಿಬಾತು, ಉಪ್ಪಿಟ್ಟು ಮಾಡಿದೆ. ಸಫಾರಿ ತೊಟ್ಟ ಮೂವರು ಬಂದು ಸೋಫಾದಲ್ಲಿ ಕೂತರು. ಅತ್ತೆ ಸೆರಗು ಸರಿಮಾಡಿಕೊಂಡು ನೇರವಾಗಿ ಕೇಳಿದರು: "ಹುಡುಗ ಏನ್ ಕೆಲ್ಸ ಮಾಡ್ತವ್ನೆ?"

ಅವರಲ್ಲಿ ಹಿರಿಯರು, ಉಂಗುರದವರು, ನಯವಾಗಿ, "ಅದನ್ನೇ ವಿಚಾರಿಸೋಕೆ ಬಂದ್ವಿ ತಾಯಿ. ಸತ್ಯಮಂಗಲದಲ್ಲಿ ವರ್ಕ್‌ಶಾಪ್ ಅಂತೆ?" ಅಂದರು.

"ಅಯ್ಯೋ, ಅವ್ನು ನನ್ ಮಗ ಕಣಪ್ಪ! ಅವ್ನಿಗ್ ಮದ್ವೆಯಾಗಿ ಏಟೋ ವರ್ಷ ಆಯ್ತು!"

ಒಳಗೆ ನಾದಿನಿ ಬಾಯಿಗೆ ಸೆರಗು ತುಂಬಿಕೊಂಡು ನಗುತ್ತಿದ್ದಳು. ನಮ್ಮವರ ಕಿವಿ ಕೆಂಪಾಗಿತ್ತು. ಅತ್ತೆ ಮಾತ್ರ ಸೋಲುವವರಲ್ಲ. "ಬುಡು, ಬಂದಿದ್ದು ಬಂದವ್ರೆ, ತಿನ್ಲಿ," ಎಂದು ತಟ್ಟೆ ಮುಂದಿಟ್ಟರು.

ಆಮೇಲೆ ಆ ಹಿರಿಯರು ನಮ್ಮವರಿಗೆ, "ಸ್ವಲ್ಪ ಹೊರಗೆ ಇರ್ತೀರಾ? ನಿಮ್ಮ ಮನೆಯವರ ಹತ್ರ ಮಾತಾಡ್ಬೇಕು," ಅಂದರು. ನಮ್ಮವರು ಚಪ್ಪಲಿ ಮೆಟ್ಟಿ ದಾಸವಾಳದ ಗಿಡದ ಪಕ್ಕ ಹೋಗಿ ನಿಂತರು.

"ನಿಮ್ಮ ಯಜಮಾನ್ರು ಸೇರೋದಕ್ಕೆ ನಿಮ್ಮದೇನಾದ್ರೂ ಅಭ್ಯಂತರ ಇದ್ಯಾಮ್ಮ? ನೀವು ಬೇಡ ಅಂದ್ರೆ ನಾವು ಮುಂದುವರಿಯೋದಿಲ್ಲ."

ಮದುವೆಗೆ ಮುಂಚೆ ನನ್ನನ್ನು ಹಾಡು ಬರುತ್ತಾ ಎಂದು ಕೇಳಿದ್ದರು, ಒಪ್ಪಿಗೆಯಾ ಎಂದು ಕೇಳಿರಲಿಲ್ಲ. ನಾನು, ಇದರಿಂದ ಲಾಭವೇನು, ನನ್ನಿಂದ ಏನೇನು ಮುಚ್ಚಿಡುತ್ತಾರೆ ಎಂದು ಕೇಳಿದೆ. "ದುಡ್ಡಿನ ಲಾಭಕ್ಕೆ ಬರೋರು ನಮಗೆ ಬೇಡಮ್ಮ. ಗುಟ್ಟು ಅಂದ್ರೆ ನಾವು ಒಬ್ಬರನ್ನೊಬ್ಬರು ಗುರುತು ಹಿಡಿಯೋ ರೀತಿ, ಒಳಗೆ ನಡೆಯೋ ವಿಧಿ. ಸಂಸಾರದಲ್ಲಿ ಮುಚ್ಚಿಡೋದು ಏನೂ ಇಲ್ಲ," ಅಂದರು.

ಕಿಟಕಿಯಲ್ಲಿ ನಮ್ಮವರ ಬೆನ್ನು ಕಾಣುತ್ತಿತ್ತು. ದಾಸವಾಳದ ಎಲೆಯೊಂದನ್ನು ಕಿತ್ತು ಮಡಿಸುತ್ತಿದ್ದರು, ಬಿಚ್ಚುತ್ತಿದ್ದರು. ಪಕ್ಕದ ಮನೆಯವರು ಮಾತಾಡಿಸಿದ್ದೂ ಅವರಿಗೆ ಕೇಳಿಸಲಿಲ್ಲ. ನಾನಂದೆ: "ಸಾರ್, ಮನೆ ತುಂಬ ನಾವಿದೀವಿ. ಆದ್ರೆ ಜೊತೆ ಅಂತ ಅವರಿಗೆ ಯಾರೂ ಇಲ್ಲ. ಮಾತೇ ಆಡೋದಿಲ್ಲ. ತಾವಾಗಿ ಏನೂ ಕೇಳೋರಲ್ಲ, ಇದೊಂದು ಕೇಳಿದಾರೆ. ದಯವಿಟ್ಟು ಇಲ್ಲ ಅನ್ಬೇಡಿ."

ಹಿರಿಯರು ಇನ್ನೊಂದು ಸ್ವಲ್ಪ ಕೇಸರಿಬಾತು ಹಾಕಿಸಿಕೊಂಡರು.

ನಮ್ಮವರನ್ನು ಕೂಟಕ್ಕೆ ತೆಗೆದುಕೊಂಡರು. ಮೊದಲ ಸಲ ಹೋಗಿ ಬಂದಾಗ ಕುರಿಮರಿಯ ಚರ್ಮದ ಬಿಳಿ ಏಪ್ರನ್ ಒಂದನ್ನು ತಂದರು. ಲಿಂಗಪೂಜೆಯ ಮನೆ, ಅತ್ತೆ ಅದನ್ನು ಬೀರುವಿನ ಹತ್ತಿರ ಬಿಡಲಿಲ್ಲ, ಅದು ಅಟ್ಟ ಸೇರಿತು. "ಇಲ್ಲಿ ಒಂದಿನ ಒಲೆ ಮುಂದೆ ನಿಂತೋನಲ್ಲ, ಅಲ್ಲೋಗಿ ಏಪ್ರನ್ ಕಟ್ಕಂಡು ಏನ್ ಬೇಯಿಸ್ತೀಯೋ ಏನ್ಲಾ!" ಅಂದರು. ನಮ್ಮವರು ನಕ್ಕರು. ಆ ನಗು ಕೇಳಿ ಎಷ್ಟು ದಿನವಾಗಿತ್ತೋ, ನಾನು ಒಗ್ಗರಣೆ ಸೀಯಿಸಿಬಿಟ್ಟೆ.

ಇಂಗ್ಲಿಷಿನ ಉದ್ದುದ್ದ ಪಾಠ ಬಾಯಿಪಾಠ ಮಾಡಬೇಕಿತ್ತು. ಗುಬ್ಬಿಯ ಕನ್ನಡ ಶಾಲೆಯಲ್ಲಿ ಓದಿದವರು ತಾರಸಿಯ ಮೇಲೆ ತುಟಿ ಅಲ್ಲಾಡಿಸುತ್ತಾ ತಿರುಗುವರು. ಪುಸ್ತಕ ನನಗೆ ತೋರಿಸುವಂತಿಲ್ಲ, ನನ್ನನ್ನು ಕೇಳದೆ ವಿಧಿಯಿಲ್ಲ. ಹಾಗಾಗಿ ಒಂದೊಂದೇ ಪದವನ್ನು ಅಡುಗೆಮನೆಗೆ ತರುತ್ತಿದ್ದರು. "ಪ್ಲಂಬ್ ಅಂತಾನಾ, ಪ್ಲಮ್ ಅಂತಾನಾ?" ಗೋಡೆ ನೆಟ್ಟಗಿದೆಯೇ ಎಂದು ನೋಡುವ ತೂಗುಗುಂಡಿನ ಹೆಸರು ಅದು; ಪ್ಲಮ್ ಅನ್ನುತ್ತಿದ್ದೆ, ಕೊನೆಯ ಅಕ್ಷರ ಸುಮ್ಮನಿರುತ್ತೆ. "ನಮ್ಮ ಕೂಟದೋರ ಥರಾನೇ," ಎಂದು ಖುಷಿಪಟ್ಟು ಹೋಗುವರು. ಪದಗಳೆಲ್ಲ ನನ್ನವು, ವಾಕ್ಯ ಮಾತ್ರ ಅವರದು.

ಲಾಭ? ಬ್ಯಾಂಕ್ ಸಾಲ ಯಾರಿಗೂ ಸಲೀಸಾಗಲಿಲ್ಲ. ಆದರೆ ಊಟಕ್ಕೆ ಕೂತಾಗ ಯಾರದೋ ಮಗಳ ಮದುವೆ, ಯಾರದೋ ಕಣ್ಣಿನ ಆಪರೇಷನ್ ಎಂದು ಸುದ್ದಿ ಬರತೊಡಗಿತು. "ಆದ್ರೂ ಅವತ್ತು ಅವರ ಹತ್ರ ಏನ್ ಹೊಗಳಿದೆಯೋ, ಒಂದೇ ಸಲಕ್ಕೆ ತಗೊಂಡ್ರು," ಎಂದು ವರ್ಷಕ್ಕೊಮ್ಮೆಯಾದರೂ ಕೆಣಕುವರು. ನಾನು ಸಾರಿಗೆ ಉಪ್ಪು ಸರಿಯಾ ಎಂದು ಕೇಳುತ್ತಿದ್ದೆ. ತಮ್ಮ ಯೋಗ್ಯತೆ ನೋಡಿ ತೆಗೆದುಕೊಂಡರು ಎಂದುಕೊಂಡಿರುವವರಿಗೆ, ನಾನು ಬೇಡಿಕೊಂಡೆ ಎಂದು ಹೇಗೆ ಹೇಳಲಿ? ನಿಮ್ಮ ಹತ್ತಿರ ಹೇಳಬಹುದು. ನಮ್ಮವರು ಪೇಪರಿನಲ್ಲಿ ಕ್ರಿಕೆಟ್ ಬಿಟ್ಟು ಬೇರೇನೂ ಓದುವುದಿಲ್ಲ.

ಈ ವರ್ಷ ಅವರೇ, ಸೇರಬೇಕೆಂದಿದ್ದ ಒಬ್ಬರ ಮನೆ ನೋಡುವ ಮೂವರಲ್ಲಿ ಒಬ್ಬರಾಗಿ ಕುಣಿಗಲ್ಲಿಗೆ ಹೋದರು. ವಾಪಸು ಬಂದವರು ಶೂ ಕೂಡ ಬಿಚ್ಚದೆ ವರಾಂಡದಲ್ಲಿ ಕೂತರು.

"ಕೆರೆ ತುಂಬಿತ್ತಾ?" ಅಂದೆ.

"ಹ್ಞೂಂ." ಕಾಲು ಚಾಚಿ, "ಅಲ್ಲೂ ಗಂಡನ್ನ ಹೊರಗೆ ಕಳಿಸಿ ಆಯಮ್ಮನ ಹತ್ರ ಮಾತಾಡಿದ್ವಿ ಕಣೇ," ಅಂದರು.

"ಏನಂದ್ರು?"

"ಅದು ಹೇಳೋ ಹಾಗಿಲ್ಲ." ಶೂವಿನ ಲೇಸು ಎಳೆಯುತ್ತಾ, "ಹೊಗಳಲಿಲ್ಲ. ನೀನೂ ಅವತ್ತು ಹೊಗಳಿರಲಿಲ್ಲ, ಅಲ್ವಾ?" ಅಂದರು.

ಕಾಫಿ ಮಾಡಲಾ ಎಂದು ಕೇಳಿದೆ. "ಗೊತ್ತಾಯ್ತು ಬಿಡು," ಎಂದು ಎದ್ದು ಒಳಗೆ ಹೋದರು. ಕೋಪದ ದನಿಯಲ್ಲ. ಅಂದಿನಿಂದ ಆ ಮಾತನ್ನು ತೆಗೆದು ಕೆಣಕಿಲ್ಲ. ಅದರ ಮುಂದಿನ ಭಾನುವಾರ ಕುಣಿಗಲ್ಲಿನ ಆ ಗಂಡನನ್ನು ಕರೆಸಿಕೊಂಡು ಕ್ಯಾತ್ಸಂದ್ರಕ್ಕೆ ಇಡ್ಲಿಗೆ ಹೊರಟರು. ಆಮೇಲೆ ಅವರನ್ನೂ ಕೂಟಕ್ಕೆ ತೆಗೆದುಕೊಂಡರು.

ಇವತ್ತು ಸೊಪ್ಪಿನವಳು ಹೋದ ಮೇಲೆ ಫೋನ್ ಬಂತು. ಕುಣಿಗಲ್ಲಿನಿಂದ, ಅವರ ಹೆಂಡತಿ. ಮುಖ ನೋಡಿಲ್ಲ, ಇದೇ ಮೊದಲ ಮಾತು.

"ಅಕ್ಕಾ, ಈ ಬಿಳಿ ಕೈಗವುಸು ಹೆಂಗೆ ಒಗೀತೀರಾ? ನಾನ್ ಒಗೆದಿದ್ದು ಹಳದಿ ತಿರುಗ್ತಾ ಇದೆ."

ಕೊನೆಯ ನೀರಿಗೆ ಎರಡೇ ಹನಿ ನೀಲಿ, ಹಿಂಡಬಾರದು, ಬೆರಳು ಕೆಳಗೆ ಬರುವಂತೆ ನೇತುಹಾಕಬೇಕು ಎಂದೆಲ್ಲ ಹೇಳಿಕೊಟ್ಟೆ. ಸರಿ ಅಕ್ಕಾ ಅಂದಳು. ಫೋನ್ ಇಡಲಿಲ್ಲ.

"ಅಕ್ಕಾ, ನಮ್ಮೋರು ಈಗ ಊಟಕ್ಕೆ ಕೂತಾಗ ಮಾತಾಡ್ತಾರೆ."

ಕೂಟದ ಒಳಗೆ ಗಂಡಂದಿರಾಡುವ ಮಾತು ಅವರ ಗುಟ್ಟು, ಇರಲಿ. "ಮಾತಾಡ್ಲಿ ಬಿಡಮ್ಮ," ಅಂದೆ. ಆಮೇಲೆ ನಾವಿಬ್ಬರೂ ಬಹಳ ಹೊತ್ತು ಮಾತಾಡಿದೆವು. ತಂತಿಯ ಮೇಲೆ ಕೈಗವುಸು ಅಷ್ಟರಲ್ಲಿ ಒಣಗಿತ್ತು.