ನೋವಿನ ಹಾಳೆಯಲ್ಲಿ ಬರೆದ ಮೂರು

ಬೆಳಗ್ಗೆ ಎದ್ದ ತಕ್ಷಣ ನನ್ನ ಬೆರಳುಗಳು ನನ್ನ ಮಾತು ಕೇಳುವುದಿಲ್ಲ. ಕತ್ತರಿಯ ಹಿಡಿಯೊಳಗೆ ಹೆಬ್ಬೆರಳು ತೂರದೆ, ಹಾಲಿನ ಪ್ಯಾಕೆಟ್ಟನ್ನು ಹಲ್ಲಲ್ಲಿ ಕಚ್ಚಿ ಹರಿಯುತ್ತೇನೆ, ಅತ್ತೆ ನೋಡದ ಹಾಗೆ. ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಸ್ವಲ್ಪ ಹೊತ್ತು ನಿಂತರೆ ಒಂದೊಂದೇ ಗೆಣ್ಣು ಸಡಿಲವಾಗುತ್ತದೆ. ರುಮಟಾಯ್ಡ್ ಸಂಧಿವಾತ ಅಂತ ಡಾಕ್ಟರು ಹೇಳಿ ಆರು ವರ್ಷವಾಯಿತು. "ಊತ ಹತೋಟಿಯಲ್ಲಿರಬೇಕಮ್ಮ. ಬೆರಳು ಒಂದ್ಸಲ ಸೊಟ್ಟಗಾದ್ರೆ ಮತ್ತೆ ನೆಟ್ಟಗಾಗಲ್ಲ" ಎಂದು ಹೋದಾಗಲೆಲ್ಲ ಹೇಳುತ್ತಿದ್ದರು.

ಅವರೇ ನನ್ನನ್ನು ಮೈಂಡ್‌ಫುಲ್‌ನೆಸ್ ತರಬೇತಿಗೆ ಕಳಿಸಿದ್ದು. ಎಂಟು ವಾರ, ಪ್ರತಿ ಗುರುವಾರ, ದೊಡ್ಡಬಳ್ಳಾಪುರದಲ್ಲಿ. ಊತಕ್ಕೆ ಮಾತ್ರೆ, ನೋವಿನ ಜೊತೆ ದಿನ ಕಳೆಯೋದಕ್ಕೆ ಇದು ಅಂದರು. ನಮ್ಮ ಹಳ್ಳಿ ಮಧುರೆಯಿಂದ ಬಸ್ಸಿನಲ್ಲಿ ಹೋಗುತ್ತಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಗೆ ಹೊರಟ ಹುಡುಗಿಯರು ಒಂದೇ ತಿರುವಿಗೆ ಬಾಟಲಿಯ ಮುಚ್ಚಳ ತೆಗೆಯುವುದನ್ನು ನೋಡುತ್ತಾ ನಿಲ್ಲುತ್ತಿದ್ದೆ.

ಮಹಡಿ ಮೇಲಿನ ಕೋಣೆಯಲ್ಲಿ ಹನ್ನೆರಡು ಪ್ಲಾಸ್ಟಿಕ್ ಕುರ್ಚಿ. ಕಲಿಸುವವಳು ಚಿಕ್ಕ ವಯಸ್ಸಿನವಳು, ಮೆಲುದನಿ. "ಕಣ್ಮುಚ್ಚಿ. ಉಸಿರು ನೋಡಿ. ಈಗ ಬಲಗೈ. ನೋವಿದ್ರೆ ಇರ್ಲಿ. ಓಡಿಸ್ಬೇಡಿ, ಬೈಬೇಡಿ, ಸುಮ್ನೆ ಗಮನಿಸಿ."

ನನ್ನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದವರು ಮಗ್ಗದ ಮನೆಗಳಿಗೆ ನೂಲು ಸುತ್ತಿಕೊಡುತ್ತಿದ್ದ ಒಬ್ಬ ಹಿರಿಯ ಹೆಂಗಸು. ಅವರ ಮನೆಮಾತಿನಲ್ಲಿ ಅಕ್ಕನನ್ನು ಕರೆಯುವ ಹಾಗೆ ನಾನು ಆಪಾ ಅನ್ನುತ್ತಿದ್ದೆ. ಅವರು ಒಂದು ಕಣ್ಣು ತೆರೆದು ಪಿಸುಗುಟ್ಟಿದರು, "ಗಮನಿಸಿ ಗಮನಿಸಿ ಅಂತಾಳಲ್ಲಮ್ಮ, ಮರೆಯೋಕೆ ಏನಾದ್ರೂ ಕೊಡ್ತಾರೆ ಅಂತ ನಾನ್ ಬಂದಿದ್ದು!"

ಮನೆಯಲ್ಲಿ ತುಂಬಲು ಒಂದು ಹಾಳೆ ಕೊಟ್ಟಿದ್ದರು. ದಿನವೂ ನೋವು ಎಷ್ಟಿದೆಯೆಂದು ಸೊನ್ನೆಯಿಂದ ಹತ್ತರೊಳಗೆ ಬರೆಯಬೇಕು. ಮೊದಲ ವಾರ ಏಳು ಬರೆದೆ. ಮುಂದಿನ ವಾರ ಆರು. ಆಮೇಲೆ ಐದು, ನಾಲ್ಕು, ಮೂರು. ಕೈ ಹಾಗೇ ಇತ್ತು. ಆದರೆ ಅಷ್ಟು ಮುತುವರ್ಜಿಯಿಂದ ಕಲಿಸುವವಳ ಕೈಗೆ ಮತ್ತೆ ಏಳನ್ನೇ ಕೊಡುವುದು ಹೇಗೆ? ಹೋಂವರ್ಕ್ ಮಾಡಿಲ್ಲ ಅಂದುಕೊಂಡರೆ? ಕಾನ್ವೆಂಟಿನಲ್ಲಿ ಹತ್ತು ವರ್ಷ ಓದಿದವಳು ನಾನು. ಆಟದಲ್ಲಿ ಬಿದ್ದು ಮಂಡಿ ತರಚಿಕೊಂಡು ಹೋದಾಗ ಸಿಸ್ಟರ್ ಔಷಧಿ ಹಚ್ಚುತ್ತಾ, "ನೋವನ್ನ ದೇವರಿಗೆ ಒಪ್ಪಿಸಿಬಿಡು ಮಗು, ಮುಖದಲ್ಲಿ ತೋರಿಸಬಾರದು" ಎಂದಿದ್ದರು. ಬಿಗಿದುಕೊಂಡಿದ್ದ ಬೆರಳಿನಿಂದಲೇ ಆ ಮೂರನ್ನು ದುಂಡಗೆ ಬರೆದೆ.

ಗುರುವಾರ ಆಪಾ ನನ್ನ ಹಾಳೆಯ ಮೇಲೆ ಬಗ್ಗಿ ನೋಡಿದರು. ಅವರದರಲ್ಲಿ ಮೊದಲಿನಿಂದ ಕೊನೆಯವರೆಗೆ ಒಂಬತ್ತೇ. "ಮೂರಾ? ನಿಮ್ ಕೈನ ಕೇಳಿ ಬರೆದ್ರಾ?"

ನಾನು ನಕ್ಕು ಹಾಳೆ ಮಡಚಿದೆ.

ಐದನೆಯ ವಾರ ಡಾಕ್ಟರು ಆ ಹಾಳೆ ನೋಡಿದರು. ಅವತ್ತು ಬಸ್ಸಿಳಿದವಳೇ ಹೋಟೆಲಿನಲ್ಲಿ ಬಿಸಿ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದು, ಬೆರಳು ಸಡಿಲವಾದ ಮೇಲೆ ಅವರ ಮುಂದೆ ಹೋಗಿದ್ದೆ. "ಹೇಗಿದೀರಿ?" "ಪರವಾಗಿಲ್ಲ ಸರ್." ಅವರಿಗೂ ಸಂತೋಷವಾಯಿತು. ದಿನದ ಮಾತ್ರೆಯೊಂದನ್ನು ಅರ್ಧ ಮಾಡಿದರು.

ಹತ್ತು ದಿನಕ್ಕೆ ಎರಡೂ ಮಣಿಕಟ್ಟು ಊದಿಕೊಂಡವು. ಚಿಲಕ ಎಳೆಯಲಾಗದೆ ಬಚ್ಚಲ ಬಾಗಿಲನ್ನು ಬರಿದೇ ಮುಂದೆ ಮಾಡಿಕೊಂಡು ಸ್ನಾನ ಮಾಡಿದೆ. ಬಲಗೈಯ ಕಿರುಬೆರಳು ಪಕ್ಕಕ್ಕೆ ವಾಲಿತು.

ಮತ್ತೆ ಡಾಕ್ಟರ ಮುಂದೆ ಕೂತು ಹೇಳಿದೆ, "ಸರ್, ಹಾಳೆಯಲ್ಲಿ ಸುಳ್ಳು ಬರೆದಿದ್ದೆ." ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ. ಕಿರುಬೆರಳನ್ನು ಮೆಲ್ಲಗೆ ನೆಟ್ಟಗೆ ಮಾಡಲು ನೋಡಿ, ಬಿಟ್ಟು, ಹೊಸ ಚೀಟಿ ಬರೆದರು. "ಇದು ಇಷ್ಟೇ. ಮಿಕ್ಕಿದ್ದನ್ನ ಉಳಿಸ್ಕೊಳೋಣ." ಕಲಿಸುವವಳಿಗೂ ಹೇಳಿದೆ. ಅವಳು, "ನೋವನ್ನ ಗಮನಿಸಿದ್ರಿ, ಆಮೇಲೆ ಮುಚ್ಚಿಟ್ರಿ. ಈಗ ಕೇಳ್ದೋರಿಗೆ ಇರೋದನ್ನ ಇದ್ದ ಹಾಗೆ ಹೇಳಿ ನೋಡಿ" ಎಂದಳು.

ಮನೆಯಲ್ಲಿ ಯಾರೂ ಕೇಳುವುದಿಲ್ಲ. ನಾನೇ ಹೇಳಬೇಕಿತ್ತು. ನಮ್ಮಲ್ಲಿ ಸಂಜೆ ಮುದ್ದೆ ಆಗಲೇಬೇಕು. ಕುದಿಯುವ ಹಿಟ್ಟನ್ನು ಕೋಲು ಹಾಕಿ ಗಂಟಿಲ್ಲದ ಹಾಗೆ ತಿರುವೋದು ಮದುವೆಯಾದಾಗಿನಿಂದ ನನ್ನ ಕೆಲಸ.

"ಅತ್ತೆ, ಇವತ್ತು ಹಿಟ್ಟು ತಿರುವೋಕೆ ಆಗಲ್ಲ. ನೋವು ಹತ್ತಕ್ಕೆ ಎಂಟಿದೆ."

ಅತ್ತೆ ಟಿವಿಯಿಂದ ಮುಖ ತಿರುಗಿಸಿದರು. "ಎಂಟಾ? ನನ್ ಮಂಡಿ ಒಂಬತ್ತೈತೆ. ನಾನೇನ್ ಹೇಳ್ಕೊಂಡ್ ಕುಂತಿದೀನಾ?"

ಹಾಗಾದರೆ ಅನ್ನ ಸಾಕು ಅಂದೆ. ಅವರು ಮಂಡಿ ಹಿಡಿದುಕೊಂಡು ಎದ್ದು, ಪಾತ್ರೆ ಕುಕ್ಕಿ ಎಸರಿಟ್ಟರು. ಹಿಟ್ಟು ಸುರಿದ ಸದ್ದು ಕೇಳಿತು. ಆಮೇಲೆ ಕೋಲು ಪಾತ್ರೆಗೆ ಬಡಿಯುವ ಸದ್ದು, ನಡುನಡುವೆ ಅವರ ಏದುಸಿರು. ಓಡಿಹೋಗಿ "ಕೊಡಿ ಅತ್ತೆ, ನಾನೇ ಮಾಡ್ತೀನಿ" ಅನ್ನಬೇಕೆಂದು ಮೈಯೆಲ್ಲ ಎಳೆಯಿತು. ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದೆ.