ವಂದನಾರ್ಪಣೆಯ ಕೊನೆಯ ಹೆಸರು

ನಿಮಗೊಂದು ಗುಟ್ಟು ಹೇಳುತ್ತೇನೆ, ನಮ್ಮ ಸಂಘದವರ ಕಿವಿಗೆ ಮಾತ್ರ ಹಾಕಬೇಡಿ. ಆಂಧ್ರದ ಆದೋನಿಯ ನಮ್ಮ ಕನ್ನಡ ಸಂಘದಲ್ಲಿ ಇಪ್ಪತ್ತೆರಡು ವರ್ಷಗಳಿಂದ ವಂದನಾರ್ಪಣೆ ಮಾಡುತ್ತಿರುವವನು ನಾನು. ಆದರೆ ಬೇರೆ ಊರಿನ ಸಭೆಗೆ ಹೋದಾಗ ‘ಈಗ ವಂದನಾರ್ಪಣೆ’ ಎಂಬ ಮಾತು ಬಿದ್ದ ಕೂಡಲೇ ನನ್ನ ಕಾಲು ಚಪ್ಪಲಿ ಹುಡುಕತೊಡಗುತ್ತದೆ. ಒಮ್ಮೆ ನಂದವರಂನ ಸಭೆಯೊಂದರಲ್ಲಿ ಹೀಗೇ ಮೆಲ್ಲಗೆ ಎದ್ದು ಬಾಗಿಲವರೆಗೆ ಬಂದಿದ್ದೆ. ಮೈಕಿನಲ್ಲಿ ನನ್ನದೇ ಹೆಸರು ಕೇಳಿಸಿತು. ಆದೋನಿಯಿಂದ ಬಂದು ಕಡೆಯತನಕ ಕೂತಿದ್ದಕ್ಕೆ ನನಗೆ ವಿಶೇಷ ವಂದನೆ ಸಲ್ಲಿಸುತ್ತಿದ್ದರು. ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡಿದ್ದ ನಾನು ಹಾಗೇ ತಿರುಗಿ ಕೈಮುಗಿದೆ.

ನಮ್ಮೂರಿನಲ್ಲಿ ಸಂಘಗಳಿಗೆ ಬರವಿಲ್ಲ. ಬೆಳಗಿನ ನಡಿಗೆಯವರದ್ದೊಂದು ಸಂಘವಿದೆ. ಅದರ ಸದಸ್ಯರು ಕಾಲೇಜಿನ ಮೈದಾನಕ್ಕೆ ಆಟೋದಲ್ಲಿ ಬಂದು, ಕಟ್ಟೆಯ ಮೇಲೆ ಕೂತು, ಯಾರ ಸಕ್ಕರೆ ಎಷ್ಟಾಗಿದೆ ಎಂದು ವಿಚಾರಿಸಿಕೊಂಡು, ಆಟೋದಲ್ಲೇ ಮನೆಗೆ ಹೋಗುತ್ತಾರೆ. ಭಜನಾ ಮಂಡಳಿಗಳು ಎರಡಿವೆ. ಮೊದಲು ಒಂದೇ ಇತ್ತು, ತಾಳ ಯಾರು ಹಿಡಿಯಬೇಕೆಂಬ ವಿಷಯದಲ್ಲಿ ಎರಡಾಯಿತು. ಹಿರಿಯ ನಾಗರಿಕರ ವೇದಿಕೆಯಲ್ಲಿ ಪ್ರತಿ ವರ್ಷ ಚುನಾವಣೆಗೆ ನಿಲ್ಲುವವರ ಉತ್ಸಾಹ ನೋಡಿದರೆ ಅವರನ್ನು ಹಿರಿಯರೆನ್ನಲು ಮನಸ್ಸು ಬಾರದು.

ನಮ್ಮ ಸಂಘದ್ದೂ ಇದೇ ಪಾಡು. ಅಧ್ಯಕ್ಷರಿದ್ದಾರೆ, ಗೌರವಾಧ್ಯಕ್ಷರಿದ್ದಾರೆ, ಕಾರ್ಯಾಧ್ಯಕ್ಷರಿದ್ದಾರೆ. ಉಪಾಧ್ಯಕ್ಷರು ಮೂವರು, ಯಾಕೆಂದರೆ ಮೂವರಿಗೂ ಬೇಜಾರಾಗಬಾರದು. ಕಾರ್ಯದರ್ಶಿ ನಾಗರಾಜನಿಗೆ ಇಬ್ಬರು ಸಹಾಯಕರು. ಎಲ್ಲರಿಗೂ ಹುದ್ದೆ ಹಂಚಿದ ಮೇಲೆ ಬರಿಯ ಸದಸ್ಯನಾಗಿ ಉಳಿದವನು ನಾನೊಬ್ಬನೇ. ಸುಮ್ಮನೆ ಬಿಟ್ಟರೆ ಚೆನ್ನಾಗಿರುವುದಿಲ್ಲವೆಂದು ವಂದನಾರ್ಪಣೆ ಕೊಟ್ಟರು. ನಾನು ಹತ್ತಿ ಮಾರ್ಕೆಟ್ಟಿನಲ್ಲಿ ಗುಮಾಸ್ತನಾಗಿದ್ದವನು. ಹರಾಜಿನ ದಿನ ಪತ್ತಿಕೊಂಡ ಊರಿನ ಕಡೆಯಿಂದ ಬಂದ ರೈತರ ಹೆಸರುಗಳನ್ನು ಒಂದರ ಹಿಂದೊಂದು ಗಟ್ಟಿಯಾಗಿ ಓದುವುದೇ ನನ್ನ ಕೆಲಸವಾಗಿತ್ತು. ‘ಹೆಸರು ಓದೋದು ಆಚಾರ್ರಿಗೆ ರೂಢಿ ಐತಿ’ ಎಂದು ಅಧ್ಯಕ್ಷರು ಒಂದೇ ಮಾತಿನಲ್ಲಿ ತೀರ್ಮಾನಿಸಿದರು. ಮಂತ್ರಾಲಯದಲ್ಲಿ ನಮ್ಮ ತಂದೆ ಸಹಸ್ರನಾಮ ಹೇಳುತ್ತಿದ್ದರು. ನಾನು ಹತ್ತಿಯ ಚೀಲದಿಂದ ಸಂಘದ ವೇದಿಕೆಗೆ ಬಡ್ತಿ ಪಡೆದೆ. ಮೂರೂ ಹೆಸರು ಓದುವ ಕೆಲಸವೇ, ದೇವರ ಮುಂದೆ ಓದಿದರೆ ಮಾತ್ರ ಪುಣ್ಯ ಬರುತ್ತದೆ.

ಇನ್ನು ನಮ್ಮ ಶ್ರೋತೃಗಳು. ಸಭೆ ಮುಗಿಯುವ ಹೊತ್ತಿಗೆ ಛತ್ರದ ಹಿಂದಿನ ಅಂಗಳದಲ್ಲಿ ಉಗ್ಗಾಣಿಗೆ ಒಗ್ಗರಣೆ ಬೀಳುತ್ತದೆ. ನೆನೆಸಿದ ಮಂಡಕ್ಕಿಗೆ ಒಗ್ಗರಣೆ, ಮೇಲೆ ಪುಟಾಣಿ ಎಂಬ ಹುರಿಗಡಲೆಯ ಪುಡಿ, ಪಕ್ಕದಲ್ಲಿ ಬಿಸಿ ಮಿರ್ಚಿ ಬಜ್ಜಿ. ಆ ವಾಸನೆಯ ಎದುರು ಮುಖ್ಯ ಅತಿಥಿಗಳೇ ನಿಲ್ಲಲಾರರು, ನಾನೆಷ್ಟರವನು! ಮರ್ಯಾದಸ್ಥರು ಎದ್ದು ಹೋಗುವುದಿಲ್ಲ, ನಿಜ. ಕುರ್ಚಿಯ ಅಂಚಿಗೆ ಬಂದು, ಪಕ್ಕದವರೊಂದಿಗೆ ಮಾತಾಡುತ್ತಾ, ಒಂದೇ ಒಂದು ಹೆಸರಿಗೆ ಕಾದಿರುತ್ತಾರೆ. ಆ ಹೆಸರು ವೀರೇಶಪ್ಪನದು. ಜಿನ್ನಿಂಗ್ ಮಿಲ್ಲಿನಲ್ಲಿ ಎಲೆಕ್ಟ್ರಿಶಿಯನ್ ಆಗಿದ್ದ ವೀರೇಶಪ್ಪ ತನ್ನ ಸ್ವಂತ ಮೈಕ್‌ಸೆಟ್ಟನ್ನು ಸ್ಕೂಟರಿನ ಮೇಲೆ ಹೇರಿಕೊಂಡು ಬಂದು ಸಂಘಕ್ಕೆ ಪುಕ್ಕಟೆ ಹಾಕಿಕೊಡುವವನು. ಇಪ್ಪತ್ತೆರಡು ವರ್ಷಗಳಲ್ಲಿ ಸಂಘದ ವೇದಿಕೆಯ ಮೇಲೆ ಅವನು ಆಡಿದ ಮಾತು ‘ಹಲೋ, ಹಲೋ, ಮೈಕ್ ಟೆಸ್ಟಿಂಗ್’ ಅಷ್ಟೇ. ‘ಕೊನೆಯದಾಗಿ, ಧ್ವನಿವರ್ಧಕದ ವ್ಯವಸ್ಥೆ ಮಾಡಿದ ಶ್ರೀ ವೀರೇಶಪ್ಪನವರಿಗೆ’ ಎಂದು ನಾನು ಹೇಳುವುದೇ ತಡ, ಇಡೀ ಸಭೆ ಎದ್ದು ನಿಲ್ಲುತ್ತದೆ. ಗೊತ್ತಿಲ್ಲದವರು ನೋಡಿದರೆ ವೀರೇಶಪ್ಪನ ಗೌರವಾರ್ಥ ಎದ್ದರೆಂದು ತಿಳಿಯಬೇಕು.

ನಡುವೆ ನಾನು ಏನು ಹೇಳಿದರೂ ನಡೆಯುತ್ತದೆ. ಪರೀಕ್ಷಿಸಲೆಂದೇ ಒಮ್ಮೆ, ‘ಸಭಿಕರನ್ನು ಕೊನೆಯವರೆಗೂ ಎಚ್ಚರವಾಗಿಟ್ಟ ಆದೋನಿಯ ಸೊಳ್ಳೆಗಳಿಗೂ ಸಂಘದ ಪರವಾಗಿ ಹೃತ್ಪೂರ್ವಕ ವಂದನೆಗಳು’ ಎಂದೆ. ಒಬ್ಬರೂ ತಲೆ ಎತ್ತಲಿಲ್ಲ. ಅಧ್ಯಕ್ಷರು ಗಂಭೀರವಾಗಿ ಚಪ್ಪಾಳೆ ತಟ್ಟಿದರು.

ವಂದನಾರ್ಪಣೆ ಇಂಗ್ಲಿಷರಿಂದ ಬಂದ ಸಂಪ್ರದಾಯ, ನಮ್ಮದಲ್ಲ ಎಂದು ನಮ್ಮ ಗೌರವಾಧ್ಯಕ್ಷರ ವಾದ. ನಾನು ಒಪ್ಪುವುದಿಲ್ಲ. ನಮ್ಮ ಸುತ್ತಿನ ಊರುಗಳ ಗುಡಿಗಳ ಮುಂದೆ ನಿಂತ ಹಳೆಯ ಶಾಸನಗಳನ್ನು ನೋಡಿ. ಮೊದಲು ರಾಜನ ಬಿರುದುಗಳು, ಅದು ನಮ್ಮ ಅಧ್ಯಕ್ಷರ ಪರಿಚಯದಷ್ಟೇ ಉದ್ದ. ಆಮೇಲೆ ಸಾಮಂತ, ಆಮೇಲೆ ದಾನ ಕೊಟ್ಟವರು, ಆಮೇಲೆ ಸಾಕ್ಷಿಗಳು. ಕಟ್ಟಕಡೆಗೆ ಎಷ್ಟೋ ಶಾಸನಗಳಲ್ಲಿ ಕಲ್ಲು ಕೆತ್ತಿದವನ ಹೆಸರು. ಇದು ವಂದನಾರ್ಪಣೆಯಲ್ಲದೆ ಮತ್ತೇನು? ಅಷ್ಟೇ ಅಲ್ಲ, ಇದನ್ನು ಕೆಡಿಸಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟಲಿ ಎಂಬ ಶಾಪವನ್ನೂ ಸೇರಿಸುತ್ತಿದ್ದರು. ಅರ್ಧಕ್ಕೆ ಎದ್ದು ಹೋಗುವವರ ಮೇಲೆ ಅಂಥದೊಂದನ್ನು ನಾನೂ ಹಾಕಬೇಕೆಂದಿದ್ದೆ, ಸಂಘದ ಬೈಲಾದಲ್ಲಿ ಅವಕಾಶವಿಲ್ಲ. ಕಲ್ಲುಕುಟಿಗನಿಗೆ ಒಂದು ಅನುಕೂಲವಿತ್ತು ನೋಡಿ. ಉಳಿ ಅವನ ಕೈಯಲ್ಲೇ ಇದ್ದುದರಿಂದ ಅವನ ಹೆಸರನ್ನು ಯಾರೂ ಮರೆಯುವಂತಿರಲಿಲ್ಲ. ವೀರೇಶಪ್ಪನಿಗೆ ಆ ಅನುಕೂಲವಿರಲಿಲ್ಲ. ಅವನ ಹೆಸರು ನನ್ನ ಚೀಟಿಯಲ್ಲಿತ್ತು.

ಹೋದ ವರ್ಷದ ವಾರ್ಷಿಕೋತ್ಸವದಲ್ಲಿ ನಾನು ಆ ಹೆಸರನ್ನು ಬಿಟ್ಟೆ. ಬಳ್ಳಾರಿಯಿಂದ ಬಂದ ಅತಿಥಿಗಳು ಬಹಳ ವಿದ್ವಾಂಸರು, ಆದ್ದರಿಂದ ಬಹಳ ಹೊತ್ತು ಮಾತಾಡಿದರು. ಅಂಗಳದಲ್ಲಿ ಎರಡನೆಯ ಸಲ ಮಿರ್ಚಿ ಕರಿಯುತ್ತಿದ್ದರು. ನಾನು ‘ಕೊನೆಯದಾಗಿ’ ಎಂದೆನೋ ಇಲ್ಲವೋ, ಹಸಿದಿದ್ದ ನಾಗರಾಜ ಹಾರಿ ಬಂದು ಮುಕ್ತಾಯದ ಹಾಡು ಎತ್ತಿಕೊಂಡ. ಎಲ್ಲರೂ ಎದ್ದು ನಿಂತರು. ಹಾಡಿನ ನಡುವೆ ಮಾತಾಡುವುದು ಸಭ್ಯತೆಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ತಪ್ಪು ನಾಗರಾಜನದು ಎಂದು ಬರೆದುಬಿಡಬಹುದಿತ್ತು. ಆದರೆ ಹಾಡು ಮುಗಿದ ಮೇಲೂ ಮೈಕು ನನ್ನ ಎದುರಿಗೇ ಇತ್ತು. ನಾನು ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಉಗ್ಗಾಣಿಯ ಕಡೆ ನಡೆದೆ.

ಮರುದಿನ ಸಂಘದ ವಾಟ್ಸಾಪ್ ಗ್ರೂಪಿನಲ್ಲಿ, ಫೋಟೋಗಳ ನಡುವೆ, ವೀರೇಶಪ್ಪ ಗ್ರೂಪು ಬಿಟ್ಟರೆಂಬ ಸಣ್ಣ ಸಾಲು ಬಂತು. ಕೈಜಾರಿ ಆಗಿರಬೇಕೆಂದು ಎಲ್ಲರೂ ತಿಳಿದೆವು. ಮುಂದಿನ ತಿಂಗಳ ಸಭೆಗೆ ಮೈಕ್‌ಸೆಟ್ಟು ಬರಲಿಲ್ಲ. ಫೋನು ಮಾಡಿದರೆ ‘ಆಂಪ್ಲಿಫೈಯರ್ ಕೆಟ್ಟೈತಿ’ ಎಂದ. ಅಧ್ಯಕ್ಷರು ಬರಿಬಾಯಲ್ಲೇ ಭಾಷಣ ಮಾಡಿದರು. ಮೂರನೆಯ ಸಾಲಿನಿಂದ ಹಿಂದಕ್ಕೆ ಒಂದಕ್ಷರವೂ ಕೇಳಲಿಲ್ಲ. ಇಷ್ಟು ಒಳ್ಳೆಯ ಭಾಷಣ ಅವರಿಂದ ಎಂದೂ ಆಗಿರಲಿಲ್ಲ ಎಂದು ಹಿಂದಿನವರೆಲ್ಲ ಹೊಗಳಿದರು. ಆದರೂ ಮೈಕಿಲ್ಲದ ಅಧ್ಯಕ್ಷಗಿರಿ ಯಾರಿಗೆ ಬೇಕು? ಸಮಸ್ಯೆ ಪರಿಶೀಲಿಸಲು ಐದು ಜನರ ಉಪಸಮಿತಿಯಾಯಿತು. ಅದಕ್ಕೆ ಅಧ್ಯಕ್ಷರು ಯಾರೆಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಕಾರಣ ಗೊತ್ತಾದದ್ದು ತರಕಾರಿ ಮಾರ್ಕೆಟ್ಟಿನಲ್ಲಿ. ವೀರೇಶಪ್ಪನ ಹೆಂಡತಿ ಈರಮ್ಮ ಬದನೆಕಾಯಿ ಆರಿಸುತ್ತಿದ್ದವರು ನನ್ನನ್ನು ಕಂಡು ಕೈಚೀಲ ಕೆಳಗಿಟ್ಟರು.

“ಏನ್ರಿ ಆಚಾರ್ರ, ಊರ ಮಂದಿ ಹೆಸರೆಲ್ಲ ಬಂತು, ನಮ್ಮನಿಯವರ ಹೆಸರೊಂದು ನಿಮ್ಮ ಬಾಯಾಗ ಬರಲಿಲ್ಲೇನ್ರಿ?”

ನಾನು ನಾಗರಾಜನ ಹಾಡಿನ ಕಥೆ ಶುರುಮಾಡಿದೆ. ಅವರು ಬಿಡಲಿಲ್ಲ.

“ಅವತ್ತು ನಾನೂ ಬಂದಿದ್ದೆ. ಮೊಮ್ಮಗಳನ್ನ ಕರಕೊಂಡು ಬಂದಿದ್ದೆ. ಸಣ್ಣ ಕೂಸು, ಮನೀಗೆ ಹೋಗೋಣು ಅಂತ ಒಂದೇ ಸಮ ಕಾಡ್ತಿತ್ತು. ‘ಕುಂದ್ರವ್ವಾ, ಕಡೀಗೆ ನಿಮ್ಮ ತಾತನ ಹೆಸರು ಮೈಕಿನ್ಯಾಗ ಹೇಳ್ತಾರ’ ಅಂತ ಹೇಳಿ ಕುಂದರಿಸಿದ್ದೆ. ಹಾಡಾತು, ಮಂದಿ ಎದ್ದ್ರು. ‘ಅಜ್ಜೀ, ತಾತನ ಹೆಸರು ಎಪ್ಪುಡು ಚೆಪ್ತಾರು’ ಅಂತ ತೆಲುಗಿನ್ಯಾಗ ಕೇಳ್ತು, ಯಾವಾಗ ಹೇಳ್ತಾರಂತ. ನಾ ಏನಂತ ಹೇಳ್ಲಿ? ಅವರು ವೈರ್ ಸುತ್ತಿಕೋತ ನಿಂತಿದ್ರು, ಮುಖಾನೂ ಎತ್ತಲಿಲ್ಲ.”

ಆ ಮಗು ಇಂಗ್ಲಿಷ್ ಶಾಲೆಗೆ ಹೋಗಿ, ಬೀದಿಯಲ್ಲಿ ತೆಲುಗು ಆಡಿ, ಮನೆಯಲ್ಲಿ ಮಾತ್ರ ಕನ್ನಡ ಕೇಳಿಸಿಕೊಳ್ಳುವುದು. ಅಂಥ ಮಗು ಎರಡೂವರೆ ಗಂಟೆ ನಮ್ಮ ಕನ್ನಡವನ್ನು ಸಹಿಸಿಕೊಂಡು ಕೂತದ್ದು ಒಂದೇ ಒಂದು ಹೆಸರಿಗಾಗಿ. ನನಗೆ ನಾಚಿಕೆಯಾಯಿತು. ಇಪ್ಪತ್ತೆರಡು ವರ್ಷದಲ್ಲಿ ಯಾರೂ ಕೇಳದ ಭಾಷಣ ಮಾಡಿದ್ದಕ್ಕೆ ಆಗದ ನಾಚಿಕೆ, ಬದನೆಕಾಯಿಯ ರಾಶಿಯ ಮುಂದೆ ಆಯಿತು.

ಸಂಜೆ ಗುಡ್ಡದ ಬುಡದ ಓಣಿಯಲ್ಲಿದ್ದ ಅವನ ಮನೆಗೆ ಹೋದೆ. ವೀರೇಶಪ್ಪ ಯಾರದೋ ಫ್ಯಾನು ಬಿಚ್ಚಿಕೊಂಡು ಕೂತಿದ್ದ. ಆಂಪ್ಲಿಫೈಯರ್ ಮೂಲೆಯಲ್ಲಿ, ಹೊದಿಕೆ ಹೊದ್ದುಕೊಂಡು, ಯಾವ ರೋಗವೂ ಇಲ್ಲದಂತೆ ಇತ್ತು.

“ತಪ್ಪಾತು ವೀರೇಶಪ್ಪಾ” ಎಂದೆ.

“ತಪ್ಪೇನು ಬಿಡ್ರಿ. ಹೆಸರು ಹೇಳಿದ್ರೇನು, ಬಿಟ್ಟ್ರೇನು. ಮೈಕಿನ ಕೆಲಸ ಮಾತು ಕೇಳಿಸೋದು, ನಮ್ಮ ಹೆಸರು ಕೇಳಿಸೋದಲ್ಲ.” ಸ್ಕ್ರೂಡ್ರೈವರ್ ತಿರುಗಿಸುತ್ತಲೇ ಇದ್ದ.

ಸಮಾಧಾನ ಮಾಡಲೆಂದು ನನ್ನ ಹಳೆಯ ರಾಗ ತೆಗೆದೆ. “ಹೇಳಿದ್ರೂ ಯಾರು ಕೇಳ್ತಾರಪ್ಪಾ? ಇಪ್ಪತ್ತೆರಡು ವರ್ಷಾತು, ನನ್ನ ಮಾತು ಒಬ್ಬರಾದರೂ ಪೂರ್ತಿ ಕೇಳ್ಯಾರೇನು?”

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ.

“ನಾ ಕೇಳೀನಲ್ಲ! ಪ್ರತಿ ಸಲ ಕಡೀತನಕ ಕೇಳೀನಿ. ಸ್ವಿಚ್ ಆಫ್ ಮಾಡೋತನಕ ನಾ ಎಲ್ಲಿಗೆ ಹೋಗ್ಲಿ? ಒಂದ್ಸಲ ಸೊಳ್ಳಿಗಳಿಗೆ ವಂದನೆ ಹೇಳಿದ್ರಿ. ಅಷ್ಟು ಮಂದ್ಯಾಗ ನಾ ಒಬ್ಬನ ನಕ್ಕಿದ್ದು. ನೀವು ನನ್ನ ಕಡಿ ನೋಡಲೇ ಇಲ್ಲ.”

ಕೇಳುವವರೇ ಇಲ್ಲವೆಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ ನನಗೆ ಮೊದಲಿನಿಂದಲೂ ಒಬ್ಬ ಶ್ರೋತೃವಿದ್ದ. ಇದ್ದ ಒಬ್ಬನನ್ನೇ ಮರೆತಿದ್ದೆ. ಕಣ್ಣು ಒದ್ದೆಯಾದದ್ದನ್ನು ಒಳಗಿನ ಒಗ್ಗರಣೆಯ ಘಾಟಿನ ಮೇಲೆ ಹಾಕಿದೆ. ಮುಂದಿನ ಸಭೆಯಲ್ಲಿ ಕೊನೆಗೆ ಖಂಡಿತ ಅವನ ಹೆಸರು ಹೇಳುತ್ತೇನೆ ಎಂದು ಮಾತು ಕೊಟ್ಟೆ.

“ಕಡೀಗೆ ಬ್ಯಾಡ್ರಿ” ಎಂದರು ಈರಮ್ಮ ಒಳಗಿನಿಂದಲೇ. “ಕಡೀಗಂದ್ರ ನಿಮ್ಮನ್ನ ನಂಬಾಂಗಿಲ್ಲ. ಮೊದಲ ಹೇಳ್ರಿ.”

ಹಾಗೆಂದು ಒಪ್ಪಂದವಾಯಿತು. ಮುಂದಿನ ಸಭೆಗೆ ಮೈಕ್‌ಸೆಟ್ಟು ಬಂತು, ಹಲೋ ಹಲೋ ಆಯಿತು. ಮುಂದಿನ ಸಾಲಿನಲ್ಲಿ ಈರಮ್ಮ, ಪಕ್ಕದಲ್ಲಿ ಎರಡು ಜಡೆಯ ಆ ಹುಡುಗಿ. ಭಾಷಣಗಳೆಲ್ಲ ಮುಗಿದು ನನ್ನ ಸರದಿ ಬಂತು. ನಾನು ಗಂಟಲು ಸರಿಮಾಡಿಕೊಂಡು, ಇದ್ದ ದನಿಯನ್ನೆಲ್ಲ ಸೇರಿಸಿ, “ಮೊಟ್ಟಮೊದಲಿಗೆ, ಧ್ವನಿವರ್ಧಕದ ವ್ಯವಸ್ಥೆ ಮಾಡಿದ ಶ್ರೀ ವೀರೇಶಪ್ಪನವರಿಗೆ” ಎಂದೆ.

ಇಡೀ ಸಭೆ ಎದ್ದು ನಿಂತಿತು.

‘ಅಯಿಪೋಯಿಂದಿ, ಮುಗೀತು, ನಡೀರಿ’ ಎಂದು ಯಾರೋ ಅಂದರು. ಕುರ್ಚಿಗಳು ಸರಿದವು. ಮೂವರು ಉಪಾಧ್ಯಕ್ಷರು ಒಟ್ಟಿಗೆ ಬಾಗಿಲಲ್ಲಿ ಸಿಕ್ಕಿಕೊಂಡರು. ಮುಖ್ಯ ಅತಿಥಿಗಳನ್ನು ಅಧ್ಯಕ್ಷರು ಕೈಹಿಡಿದು ಅಂಗಳಕ್ಕೆ ಕರೆದೊಯ್ದರು. ಇಬ್ಬರಿಗೂ ವಂದನೆ ಸಂದಿರಲಿಲ್ಲ, ಇಬ್ಬರಿಗೂ ಅದು ಗೊತ್ತಾಗಲಿಲ್ಲ. ನಾಗರಾಜ ಹಾಡು ಎತ್ತಿಕೊಂಡು, ಹಾಡುತ್ತಲೇ ನಡೆದು, ಕೊನೆಯ ಸಾಲನ್ನು ಮಿರ್ಚಿಯ ಬಾಣಲೆಯ ಹತ್ತಿರ ಮುಗಿಸಿದ. ಹುಡುಗಿ ಮಾತ್ರ ಕುರ್ಚಿಯ ಮೇಲೆ ಹತ್ತಿ ನಿಂತು, ಇಷ್ಟೂ ಜನ ತನ್ನ ತಾತನ ಹೆಸರಿಗೇ ಎದ್ದದ್ದೆಂದು ನಂಬಿ, ಕೈ ಕೆಂಪಾಗುವಂತೆ ಚಪ್ಪಾಳೆ ತಟ್ಟುತ್ತಿದ್ದಳು. ಆ ನಂಬಿಕೆಯನ್ನು ತಿದ್ದಲು ನಾನು ಹೋಗಲಿಲ್ಲ.

ಚೀಟಿ ಮಡಚಬೇಕೆಂದಿದ್ದೆ. ವೀರೇಶಪ್ಪ ಮೈಕು ಆಫ್ ಮಾಡಿರಲಿಲ್ಲ. ಆಂಪ್ಲಿಫೈಯರಿನ ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತು, ಮುಂದುವರಿಸಿ ಎಂದು ಕೈಸನ್ನೆ ಮಾಡಿದ. ಸರಿ, ನಾನು ಶುರುಮಾಡಿದೆ. ಅಧ್ಯಕ್ಷರು, ಅತಿಥಿಗಳು, ಛತ್ರದವರು, ಅಡುಗೆಯವರು, ಒಬ್ಬರನ್ನೂ ಬಿಡಲಿಲ್ಲ. ಕೊನೆಗೆ ಸೊಳ್ಳೆಗಳಿಗೂ ಹೇಳಿದೆ. ಅವನು ನಕ್ಕ. ಈ ಸಲ ನಾನು ಅವನ ಕಡೆಗೇ ನೋಡುತ್ತಿದ್ದೆ.

ನಾವು ನಾಲ್ವರು ಅಂಗಳಕ್ಕೆ ಹೋಗುವ ಹೊತ್ತಿಗೆ ಉಗ್ಗಾಣಿ ತಳ ಕಂಡಿತ್ತು. ಅಧ್ಯಕ್ಷರು ಕೈತೊಳೆದುಕೊಂಡು ಬಂದು ನನ್ನ ಬೆನ್ನು ತಟ್ಟಿದರು.

“ಇವತ್ತಿನ ವಂದನಾರ್ಪಣೆ ಭಾಳ ಚಲೋ ಆತು ನೋಡ್ರಿ ಆಚಾರ್ರ. ಒಂದೇ ಹೆಸರು, ಮುಗೀತು! ಪ್ರತಿ ಸಲ ಹಿಂಗ ಮಾಡ್ರಿ.”

ಅಂದಿನಿಂದ ಹಾಗೆಯೇ ಮಾಡುತ್ತಿದ್ದೇನೆ. ಮೊದಲ ಹೆಸರಿಗೆ ಸಭೆ ಎದ್ದು ಉಗ್ಗಾಣಿಗೆ ಹೋಗುತ್ತದೆ. ಉಳಿದದ್ದನ್ನು ಕೇಳುವವನಿಗೆ ಹೇಳುತ್ತೇನೆ.