ಬಸ್ಸಿಲ್ಲದ ನಿಲ್ದಾಣದ ಜನ

ಸರಕಾರವನ್ನು ಬೈಯುವುದರಲ್ಲಿ ನಾನು ಯಾರಿಗೂ ಕಮ್ಮಿಯಿಲ್ಲ. ಆದರೆ ನಮ್ಮ ಚಿಕ್ಕಮ್ಮನಿಗೆ ಮನೆ ಕೊಟ್ಟದ್ದಕ್ಕೂ ಬೈದರೆ ನನ್ನ ಬಾಯಿಗೆ ಹುಳ ಬೀಳುತ್ತದೆ.

ಚಿಕ್ಕಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸದವಳು. ಚಿಕ್ಕಪ್ಪ ತೀರಿಕೊಂಡ ಮೇಲೆ ಮಗಳನ್ನು ಕಟ್ಟಿಕೊಂಡು ಬಾಡಿಗೆ ಮನೆ ಬದಲಿಸಿದ್ದೇ ಬದಲಿಸಿದ್ದು. ಪಕ್ಕದ ರಸ್ತೆ ಅಗಲವಾದರೆ ಬಾಡಿಗೆ ಏರುತ್ತಿತ್ತು, ಹೊಸ ಸೇತುವೆಯಾದರೆ ಮತ್ತೂ ಏರುತ್ತಿತ್ತು. "ಊರು ಉದ್ಧಾರ ಆದಾಗೆಲ್ಲ ನಾನು ಗಂಟುಮೂಟೆ ಕಟ್ಟಬೇಕು ನೋಡು," ಎಂದು ನಗುತ್ತಿದ್ದಳು. ಕೊನೆಗೆ ಊರಾಚೆ ಸರಕಾರ ಕಟ್ಟಿಸಿದ ಮನೆಗಳಲ್ಲಿ ಒಂದು ಅವಳ ಪಾಲಿಗೆ ಬಂತು. ಒಂದು ಕೋಣೆ, ಅಡುಗೆಮನೆ, ಒಳಗೇ ನಲ್ಲಿ. ಮೊದಲ ದಿನ ಆ ನಲ್ಲಿಯನ್ನು ಸುಮ್ಮಸುಮ್ಮನೆ ತಿರುಗಿಸಿ ನೋಡಿದಳು.

ಆದರೆ ಅಲ್ಲಿಗೆ ಬಸ್ಸಿರಲಿಲ್ಲ. ಚಾವಣಿ, ಬೆಂಚು ಹಾಕಿ ನಿಲ್ದಾಣ ಮಾತ್ರ ಕಟ್ಟಿದ್ದರು. ಜನ ಇಲ್ಲದೆ ಬಸ್ ಬಿಡೆವು ಎಂದು ಬಸ್ಸಿನವರು, ಬಸ್ಸಿಲ್ಲದೆ ಜನ ಬಾರರು ಎಂದು ಮನೆ ಕಟ್ಟಿಸಿದವರು. ಅರ್ಧಕ್ಕರ್ಧ ಮನೆಗಳು ಬೀಗ ಹಾಕಿಯೇ ಇದ್ದವು. ಮುಖ್ಯರಸ್ತೆಯವರೆಗೆ ನಡೆದು ಹೋಗುವಷ್ಟರಲ್ಲಿ ಚಿಕ್ಕಮ್ಮನಿಗೆ ದಿನಾ ತಡ. ಇನ್ನು ತಡವಾದರೆ ಬೇರೆಯವರನ್ನು ಇಟ್ಟುಕೊಳ್ಳುತ್ತೇನೆ ಎಂದು ಮೇಲ್ವಿಚಾರಕಿ ಹೇಳಿಬಿಟ್ಟರು. ಕೆಲಸ ಉಳಿಯಬೇಕೆಂದರೆ ಮನೆ ಬಿಡಬೇಕು. ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗಾಯಿತು.

ಆ ಬಡಾವಣೆಯಲ್ಲಿ ನೆರಳೆಂಬುದು ನಿಲ್ದಾಣದಲ್ಲಿ ಮಾತ್ರ. ಹಾಗಾಗಿ ಅದೇ ಎಲ್ಲರ ಜಗಲಿ. ಇಸ್ತ್ರಿಯಣ್ಣ ಅಲ್ಲೇ ಮೇಜು ಹಾಕಿದ್ದ, ಹೆಂಗಸರು ಸೊಪ್ಪು ಬಿಡಿಸುತ್ತಿದ್ದರು. ಬಾಯಿ ಮುಚ್ಚದ ಕಾರಣಕ್ಕೆ ರೇಡಿಯೋ ಅಜ್ಜಿ ಎನಿಸಿಕೊಂಡ ಮುದುಕಿ ಬೆಳಗಾದರೆ ಮೂಲೆಯ ಬೆಂಚು ಹಿಡಿಯುತ್ತಿದ್ದಳು. ಒಂದು ದಿನ ಬಸ್ ಕಚೇರಿಯ ಗುಮಾಸ್ತ ಬಂದು, ದೂರದಿಂದಲೇ ತಲೆ ಎಣಿಸಿ, ಪಾಪ, ಎಷ್ಟೊಂದು ಜನ ಕಾಯುತ್ತಿದ್ದಾರೆ ಎಂದುಕೊಂಡು ಹೋದನಂತೆ. ಅವನು ಯಾರನ್ನೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಮುಂದಿನ ವಾರವೇ ಬಸ್ಸು ಬಂತು.

ಹತ್ತಿದವಳು ಚಿಕ್ಕಮ್ಮ ಒಬ್ಬಳೇ.

"ಯಾಕ್ರೀ, ನೀವ್ಯಾರೂ ಬರಲ್ವಾ?" ಎಂದು ಕಂಡಕ್ಟರ್ ಕಕ್ಕಾಬಿಕ್ಕಿಯಾದ.

"ನಾವೆಲ್ಲಿಗೆ ಹೋಗೋಣಪ್ಪ?" ಎಂದ ಇಸ್ತ್ರಿಯಣ್ಣ.

"ಹಿಂಗೆ ಖಾಲಿ ಓಡಿದ್ರೆ ನಾಲ್ಕು ದಿನದಲ್ಲಿ ನಿಲ್ಲಿಸ್ತಾರೆ ಅಷ್ಟೆ."

ಅಂದು ಸಂಜೆ ಚಿಕ್ಕಮ್ಮ ನನ್ನನ್ನು ಕರೆಸಿಕೊಂಡಳು, ಸಾಮಾನು ಕಟ್ಟಲು. ಮರುದಿನ ಬೆಳಿಗ್ಗೆ ಅವಳನ್ನು ಬಸ್ ಹತ್ತಿಸಲು ನಾನೂ ಹೋದೆ. ಅವಳ ಹಿಂದೆಯೇ ರೇಡಿಯೋ ಅಜ್ಜಿ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ಆಮೇಲೆ ಸೊಪ್ಪಿನ ಬುಟ್ಟಿಗಳ ಸಮೇತ ಹೆಂಗಸರು. ಕೊನೆಗೆ ಬಟ್ಟೆ ಗಂಟು ಹೊತ್ತ ಇಸ್ತ್ರಿಯಣ್ಣ. ಅವನ ಬೆನ್ನಿಗೆ ನಾನೂ ಹತ್ತಿದೆ.

"ಅಜ್ಜಿ, ಎಲ್ಲಿಗೆ?" ಎಂದ ಕಂಡಕ್ಟರ್.

"ಆಸ್ಪತ್ರೆ ತನಕ."

"ಹುಷಾರಿಲ್ವಾ?"

"ನನಗೇನಪ್ಪ ಧಾಡಿ, ಗುಂಡುಕಲ್ಲಿನ ಹಾಗಿದ್ದೀನಿ. ಇವಳನ್ನ ಕೆಲಸಕ್ಕೆ ಬಿಟ್ಟು ಬರೋಕೆ."

ಚಿಕ್ಕಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾನು ಕಿಟಕಿಯಾಚೆ ನೋಡುವವನ ಹಾಗೆ ನಟಿಸಿದೆ. ಆ ಜನ ಸರದಿಯ ಮೇಲೆ ಅವಳ ಜೊತೆ ಹೋಗಿ ಬಂದರು. ಬಸ್ಸು ಇದೆಯೆಂದು ಗೊತ್ತಾಗಿ ಉಳಿದವರು ಬಂದು ಒಂದೊಂದೇ ಮನೆಯ ಬೀಗ ತೆಗೆಯುವವರೆಗೂ ಹೋದರು. ಅವರ ಋಣ ನಾನಂತೂ ತೀರಿಸಲಾರೆ.

ಈಗ ಆ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ದಾರಿಯುದ್ದಕ್ಕೂ ನಿಂತೇ ಹೋಗುತ್ತೀಯಲ್ಲ, ಕಾಲು ನೋಯಲ್ವಾ ಎಂದು ಕೇಳಿದೆ.

"ನೋಯುತ್ತೆ ಕಣೋ," ಎಂದಳು ಚಿಕ್ಕಮ್ಮ. "ಸೀಟು ಸಿಕ್ಕಿದ ದಿನ ಮಾತ್ರ ಎದೆ ಧಸಕ್ ಅನ್ನುತ್ತೆ."